‘ಈ ಬೂದು ಬಣ್ಣದಲ್ಲಿ ನಿನ್ನ ಸಂಸ್ಕೃತಿ ಎಲ್ಲಿದೆ?’

ಪ್ರಶ್ನೆ: ನಾನು ದಾವಣಗೆರೆಯವಳು. ಊರಲ್ಲೇ ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ಈಗ ಅಮೆರಿಕದ ಮಿಡ್‌ವೆಸ್ಟ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯ ಎಂಎಫ್‌ಎ (ಸ್ನಾತಕೋತ್ತರ ಪದವಿ) ಎರಡನೇ ವರ್ಷದಲ್ಲಿದ್ದೇನೆ. ನನ್ನದು ಅಮೂರ್ತ ಚಿತ್ರ. ದೊಡ್ಡ ಕ್ಯಾನ್ವಾಸ್, ಬೂದು ಮತ್ತು ಕಪ್ಪಿನ ಪದರಗಳು. ಮಂಡಕ್ಕಿ ಭಟ್ಟಿಗಳ ಹತ್ತಿರ ಬೆಳೆದದ್ದಕ್ಕೋ ಏನೋ, ಆ ಬಣ್ಣ ಬಿಟ್ಟರೆ ಕೈ ಓಡುವುದಿಲ್ಲ. ಅಧ್ಯಾಪಕರು, ಸಹಪಾಠಿಗಳು ಕೂತು ನಮ್ಮ ಕೆಲಸ ವಿಮರ್ಶಿಸುವ ಪ್ರತಿ ಕ್ರಿಟ್‌ನಲ್ಲೂ ಒಂದೇ ಪ್ರಶ್ನೆ: ‘ಇದರಲ್ಲಿ ನಿನ್ನ ಸಂಸ್ಕೃತಿ ಎಲ್ಲಿದೆ?’ ಹೋದ ಸೆಮಿಸ್ಟರ್‌ನಲ್ಲಿ ಬೇಸತ್ತು ಒಂದು ಚಿತ್ರಕ್ಕೆ ಧಾರವಾಡ ಕಸೂತಿಯ ಗೋಪುರ, ಯಕ್ಷಗಾನದ ಕಿರೀಟ ಹಾಕಿದೆ. ಎಲ್ಲರೂ ಹೊಗಳಿದರು. ನನಗೆ ಮಾತ್ರ ಕಳ್ಳತನ ಮಾಡಿದ ಹಾಗಾಯಿತು. ನಾನು ಯಕ್ಷಗಾನ ನೋಡಿದ್ದೇ ಇಪ್ಪತ್ತನೇ ವಯಸ್ಸಿನಲ್ಲಿ. ಈಗ ಒಬ್ಬ ಅಧ್ಯಾಪಕರು ಲಂಬಾಣಿ ಕನ್ನಡಿ ಕೆಲಸ ಬಳಸು ಎನ್ನುತ್ತಿದ್ದಾರೆ. ನಾನು ಲಂಬಾಣಿ ಸಮುದಾಯದವಳಲ್ಲ. ಜೊತೆಯಲ್ಲಿ ಓದುವ ಆಫ್ರಿಕನ್ ಅಮೆರಿಕನ್ ಗೆಳತಿ, ‘ನಿನ್ನ ಸಂಸ್ಕೃತಿ ನೋಡಿ ಅವರು ಖುಷಿಪಡುತ್ತಾರೆ, ನನ್ನದು ನೋಡಿ ಮುಖ ತಿರುಗಿಸುತ್ತಾರೆ’ ಅಂದಳು. ಇನ್ನೊಬ್ಬರು ಅಸ್ಮಿತೆ ಇಲ್ಲದಿದ್ದರೆ ಇಲ್ಲಿ ಏನೂ ಮಾರಾಟವಾಗುವುದಿಲ್ಲ ಎನ್ನುತ್ತಾರೆ. ಮತ್ತೊಬ್ಬರು ಸರ್ಕಾರ ಬದಲಾಯಿತು, ಆ ಫ್ಯಾಷನ್ ಮುಗಿಯಿತು ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಥೀಸಿಸ್ ಪ್ರದರ್ಶನ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಮಾತ್ರ ಒಂದೇ: ಆ ದಿನ ಸಿಕ್ಕ ಹೊಗಳಿಕೆ ನಿಮಗೆ ಸೇರಿದ್ದಲ್ಲ ಅನ್ನಿಸಿದೆ. ಆ ಅನ್ನಿಸಿಕೆ ಸರಿಯಾಗಿದೆ. ಯಾರಾದರೂ ಸಮಾಧಾನ ಹೇಳಿ ಅದನ್ನು ಅಳಿಸಲು ಬಂದರೆ ಬಿಡಬೇಡಿ. ಮಾರಾಟ, ಸರ್ಕಾರ, ಫ್ಯಾಷನ್ ಎಲ್ಲ ಆಮೇಲಿನ ಮಾತು.

ಇಪ್ಪತ್ತು ವರ್ಷ ಅಂಥ ಕ್ರಿಟ್ ಕೋಣೆಗಳಲ್ಲಿ ಅಧ್ಯಾಪಕಿಯಾಗಿ ಕೂತವಳು ನಾನು. ‘ನಿನ್ನ ಸಂಸ್ಕೃತಿ ಎಲ್ಲಿದೆ’ ಎಂದು ನಾನೂ ಕೇಳಿದ್ದೇನೆ. ಒಮ್ಮೆ ಒಬ್ಬ ಕೊರಿಯನ್ ವಿದ್ಯಾರ್ಥಿಗೆ ಹಾಗೆ ಕೇಳಿದಾಗ ಆತ, ‘ಪಕ್ಕದಲ್ಲಿ ಕೂತಿರುವ ಅಯೋವಾದ ಅಮೆರಿಕನ್ ಹುಡುಗನಿಗೆ ಇದನ್ನು ಯಾಕೆ ಕೇಳಲಿಲ್ಲ?’ ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಆ ದಿನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಯೋಚಿಸಿದಾಗ ಹೊಳೆದದ್ದು ಇಷ್ಟು. ಚಿತ್ರ ಎಲ್ಲೋ ಪೂರ್ತಿಯಾಗಿಲ್ಲ ಅನ್ನಿಸುತ್ತದೆ, ಎಲ್ಲಿ ಎಂದು ಅಧ್ಯಾಪಕರಿಗೆ ಹೇಳಲು ಬರುವುದಿಲ್ಲ, ಆಗ ಕೈಗೆ ಸುಲಭವಾಗಿ ಸಿಗುವುದು ವಿದ್ಯಾರ್ಥಿಯ ಪಾಸ್‌ಪೋರ್ಟ್. ‘ಈ ಚಿತ್ರದಲ್ಲಿ ನೀನೆಲ್ಲಿದ್ದೀಯ’ ಎಂದು ಯಾರನ್ನು ಬೇಕಾದರೂ ಕೇಳಬಹುದು, ಕೇಳಲೇಬೇಕು. ‘ನಿನ್ನ ದೇಶ ಎಲ್ಲಿದೆ’ ಎಂಬುದನ್ನು ಕೆಲವರಿಗಷ್ಟೇ ಕೇಳುತ್ತಾರೆ. ಎರಡೂ ಪ್ರಶ್ನೆ ಒಂದೇ ಮಾತಿನಲ್ಲಿ ಸುತ್ತಿಕೊಂಡು ಬರುತ್ತವೆ. ಮುಂದಿನ ಕ್ರಿಟ್‌ನಲ್ಲಿ, ‘ನೀವು ಕೇಳುತ್ತಿರುವುದು ಯಾವುದು?’ ಎಂದು ಶಾಂತವಾಗಿ ಕೇಳಿ. ಹೆಚ್ಚಿನವರು ನಿಂತು ಯೋಚಿಸುತ್ತಾರೆ. ಅವರು ಕೇಳುತ್ತಿರುವುದು ಮೊದಲನೆಯದು ಎಂದಾದರೆ ಕಿವಿಗೊಡಿ. ನಿಮ್ಮ ಬೂದು ಪದರಗಳಲ್ಲಿ ನೀವು ಇನ್ನೂ ತೀರ್ಮಾನಿಸದ ಏನೋ ಉಳಿದಿರಬಹುದು.

ಅಸ್ಮಿತೆ ಇಲ್ಲದಿದ್ದರೆ ಮಾರಾಟವಿಲ್ಲ ಎಂಬ ಮಾತು ನಿಜವಲ್ಲ. 2019ರಲ್ಲಿ ಅಮೆರಿಕದ 18 ದೊಡ್ಡ ಮ್ಯೂಸಿಯಂಗಳ ಸಂಗ್ರಹವನ್ನು ಅಧ್ಯಯನ ಮಾಡಿದವರು ಅಂದಾಜಿಸಿದ ಪ್ರಕಾರ, ಅಲ್ಲಿರುವ ಕಲಾವಿದರಲ್ಲಿ ಸುಮಾರು 85% ಬಿಳಿಯರು, ಸುಮಾರು 87% ಗಂಡಸರು. ಅವರಲ್ಲಿ ಹೆಚ್ಚಿನವರಿಗೆ ಅಸ್ಮಿತೆಯ ಪ್ರಶ್ನೆ ಎದುರಾಗಿರಲಾರದು. ಜನ ಸುದ್ದಿಯಲ್ಲಿ ಓದುವುದು ದೊಡ್ಡ ಹರಾಜುಗಳನ್ನು. ಕೆರ‍್ರಿ ಜೇಮ್ಸ್ ಮಾರ್ಷಲ್ ಎಂಬ ಕಪ್ಪು ಕಲಾವಿದರ ‘ಪಾಸ್ಟ್ ಟೈಮ್ಸ್’ ಚಿತ್ರವನ್ನು ಶಿಕಾಗೋದ ಒಂದು ಸಾರ್ವಜನಿಕ ಪ್ರಾಧಿಕಾರ 1997ರಲ್ಲಿ 25,000 ಡಾಲರಿಗೆ ಕೊಂಡಿತ್ತು. 2018ರಲ್ಲಿ ಅದು 2.1 ಕೋಟಿ ಡಾಲರಿಗೆ ಹೋಯಿತು. ಆ ಹಣ ಸೇರಿದ್ದು ಮಾರಿದವರಿಗೆ. ಮರುಮಾರಾಟದಲ್ಲಿ ಕಲಾವಿದರಿಗೆ ಪಾಲು ಕೊಡುವ ಕೇಂದ್ರ ಕಾನೂನು ಅಮೆರಿಕದಲ್ಲಿಲ್ಲ. ಮಾರ್ಷಲ್ ಆ ಹೊತ್ತಿಗೆ ಸುಮಾರು ನಲವತ್ತು ವರ್ಷದಿಂದ ಕಡುಕಪ್ಪು ಮೈಬಣ್ಣದ ಮನುಷ್ಯರನ್ನೇ ಬರೆಯುತ್ತ ಬಂದಿದ್ದರು. ಮಾರುಕಟ್ಟೆ ನೋಡಿ ಶುರುಮಾಡಿದವರು ಅಷ್ಟು ವರ್ಷ ಕಾಯುವುದಿಲ್ಲ.

‘ಫ್ಯಾಷನ್’ ಎಂಬ ಮಾತಿಗೆ ಉತ್ತರ ಹೇಳಲು ನಿಮ್ಮ ಗೆಳತಿಯ ಮಾತಿನಿಂದಲೇ ಹೊರಡಬೇಕು. ಪತ್ರದಲ್ಲಿ ನೀವದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅತಿ ಮುಖ್ಯ ಅನ್ನಿಸಿದ್ದು ಅದೇ.

1969ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅದೇ ನಗರದ ಕಪ್ಪು ಜನರ ಬಡಾವಣೆ ಹಾರ್ಲೆಮ್ ಬಗ್ಗೆ ಒಂದು ಭಾರೀ ಪ್ರದರ್ಶನ ಮಾಡಿತು. ಕಪ್ಪು ಜನರ ಬದುಕಿನ ಫೋಟೊಗಳು, ಧ್ವನಿಮುದ್ರಿಕೆಗಳು ತುಂಬಿದ್ದವು. ಹಾರ್ಲೆಮ್‌ನ ವರ್ಣಚಿತ್ರಕಾರರ, ಶಿಲ್ಪಿಗಳ ಒಂದು ಕೃತಿಯೂ ಇರಲಿಲ್ಲ. ಬೆನ್ನಿ ಆಂಡ್ರ್ಯೂಸ್ ಮತ್ತಿತರ ಕಲಾವಿದರು ಚಳಿಯಲ್ಲಿ ಫಲಕ ಹಿಡಿದು ಬಾಗಿಲ ಮುಂದೆ ನಿಂತರು. ಅವರ ಬದುಕು ಪ್ರದರ್ಶನದ ವಸ್ತುವಾಗಬಹುದಿತ್ತು, ಅವರ ಕಲೆ ಒಳಗೆ ಬರುವಂತಿರಲಿಲ್ಲ. ಹಿಂದಿನ ವರ್ಷವಷ್ಟೇ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರಿಗಾಗಿ ಸ್ಟುಡಿಯೊ ಮ್ಯೂಸಿಯಂ ಶುರುವಾಗಿತ್ತು. ಅದೇ 1969ರಲ್ಲಿ ಪೋರ್ಟೊರಿಕೊ ಮೂಲದವರು ಎಲ್ ಮ್ಯೂಸಿಯೊ ದೆಲ್ ಬಾರಿಯೊ ಎಂಬ ತಮ್ಮದೇ ಮ್ಯೂಸಿಯಂ ಕಟ್ಟಿದರು. ಮೂರು ವರ್ಷದ ಮೇಲೆ ಲಾಸ್ ಏಂಜಲಿಸ್‌ನಲ್ಲಿ ‘ಆಸ್ಕೊ’ ಗುಂಪಿನ ಚಿಕಾನೊ (ಮೆಕ್ಸಿಕೊ ಮೂಲದ ಅಮೆರಿಕನ್) ಯುವಕರು ಅಲ್ಲಿನ ಕೌಂಟಿ ಮ್ಯೂಸಿಯಂ ಗೋಡೆಯ ಮೇಲೆ ತಮ್ಮ ಹೆಸರುಗಳನ್ನು ಸ್ಪ್ರೇ ಬಣ್ಣದಲ್ಲಿ ಬರೆದು ಬಂದರು. ಒಳಗೆ ತಮ್ಮ ಕಲೆಗೆ ಜಾಗವಿಲ್ಲ ಎಂದಮೇಲೆ ಇಡೀ ಕಟ್ಟಡಕ್ಕೇ ರುಜು ಹಾಕಿದ ಹಾಗೆ. ಅರ್ಧ ಶತಮಾನಕ್ಕೂ ಹಿಂದೆ ಶುರುವಾದದ್ದು ಇದು, ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ.

ಇನ್ನು ಕಲಾವಿದ ಫ್ರೆಡ್ ವಿಲ್ಸನ್. ನನ್ನ ವಿದ್ಯಾರ್ಥಿಗಳಿಗೆ ಒಂದೇ ಒಂದು ಪ್ರದರ್ಶನದ ಬಗ್ಗೆ ಹೇಳು ಎಂದರೆ ನಾನು ಹೇಳುವುದು ಅವರ 1992ರ ‘ಮೈನಿಂಗ್ ದ ಮ್ಯೂಸಿಯಂ’ ಬಗ್ಗೆ. ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಉಗ್ರಾಣಕ್ಕೆ ಹೋಗಿ, ಅಲ್ಲಿದ್ದ ಸಾಮಾನುಗಳನ್ನೇ ಬೇರೆ ಥರ ಜೋಡಿಸಿದರು. ಒಂದು ಗಾಜಿನ ಪೆಟ್ಟಿಗೆಗೆ ‘ಲೋಹದ ಕೆಲಸ, 1793–1880’ ಎಂದು ಸಾದಾ ಫಲಕ. ಒಳಗೆ ಹೂಬಳ್ಳಿಯ ಕೆತ್ತನೆಯ ಬೆಳ್ಳಿ ಹೂಜಿಗಳು, ಲೋಟಗಳು. ಅವುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಆಚೆ ಬಿಳಿ ಪೀಠಗಳ ಮೇಲೆ ನೆಪೋಲಿಯನ್, ಹೆನ್ರಿ ಕ್ಲೇ, ಆಂಡ್ರ್ಯೂ ಜಾಕ್ಸನ್ ಅವರ ಎದೆಮಟ್ಟದ ಪ್ರತಿಮೆಗಳು. ಮೂವರಲ್ಲಿ ಒಬ್ಬರೂ ಮೇರಿಲ್ಯಾಂಡ್‌ನವರಲ್ಲ. ಅವುಗಳ ಜೊತೆಗೆ ಮೂರು ಕಪ್ಪು ಪೀಠಗಳು. ಹ್ಯಾರಿಯೆಟ್ ಟಬ್‌ಮನ್, ಫ್ರೆಡರಿಕ್ ಡಗ್ಲಸ್, ಬೆಂಜಮಿನ್ ಬ್ಯಾನೆಕರ್ ಎಂಬ ಕಪ್ಪು ಮಹನೀಯರ ಹೆಸರುಗಳು, ಮೇಲೆ ಏನೂ ಇಲ್ಲ. ಮೂವರೂ ಅದೇ ಮೇರಿಲ್ಯಾಂಡ್‌ನವರು, ಅವರ ಪ್ರತಿಮೆ ಸಂಗ್ರಹದಲ್ಲಿರಲಿಲ್ಲ. ಬೆಳ್ಳಿ ಹೂಜಿಯೂ ಬೇಡಿಯೂ ಮೊದಲಿನಿಂದ ಒಂದೇ ಕಟ್ಟಡದಲ್ಲಿದ್ದವು. ಬೇರೆ ಬೇರೆ ಕಡೆ ಇಟ್ಟಿದ್ದರು, ಅಷ್ಟೇ.

ನಿಮ್ಮ ಗೆಳತಿ ಹೇಳುತ್ತಿರುವುದು ಇದನ್ನೇ. ನಿಮ್ಮ ಕಿರೀಟ ನೋಡುವಾಗ ಆ ಕೋಣೆಯವರು ಯಾವ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ. ಅವಳ ಚಿತ್ರ ನೋಡುವಾಗ ತಮ್ಮದೇ ಮನೆಯ ಬೆಳ್ಳಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕಾಗುತ್ತದೆ. ‘ಸಾಂಸ್ಕೃತಿಕ ವೈವಿಧ್ಯ’ ಎಂಬ ಒಂದೇ ಶೀರ್ಷಿಕೆಯಡಿ ಇಬ್ಬರನ್ನೂ ಕೂರಿಸುವುದು ಸಂಸ್ಥೆಗಳಿಗೆ ಅನುಕೂಲ. ನೀವಿಬ್ಬರೂ ಅಲ್ಲಿಗೆ ಬಂದ ದಾರಿ ಮಾತ್ರ ಒಂದಲ್ಲ. ಅವಳ ಮಾತಿಗೆ ನೀವು ನೊಂದುಕೊಳ್ಳಬೇಕಿಲ್ಲ, ಸಮರ್ಥಿಸಿಕೊಳ್ಳಬೇಕಿಲ್ಲ. ನಿಮ್ಮ ಸ್ಟುಡಿಯೊಗೆ ಕರೆದು ಕೆಲಸ ತೋರಿಸಿ.

ಈಗ ಸರ್ಕಾರದ ವಿಷಯ. 2025ರ ಮಾರ್ಚಿನಲ್ಲಿ ಸರ್ಕಾರದ ನೆರವಿನಿಂದ ನಡೆಯುವ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳನ್ನು ಗುರಿಯಾಗಿಸಿ ಅಧ್ಯಕ್ಷರ ಆದೇಶ ಬಂತು. ಮೇ ತಿಂಗಳಲ್ಲಿ ಕಲೆಗೆ ಕೊಡುವ ಫೆಡರಲ್ ಅನುದಾನಗಳು ಸಾಲುಸಾಲಾಗಿ ರದ್ದಾದವು. ಜುಲೈನಲ್ಲಿ ಕಪ್ಪು ಕಲಾವಿದೆ ಏಮಿ ಶೆರಲ್ಡ್, ತಮ್ಮ ಒಂದು ಚಿತ್ರವನ್ನು ಕೈಬಿಡುವ ಮಾತು ಬಂದದ್ದಕ್ಕೆ ಅದೇ ಸ್ಮಿತ್‌ಸೋನಿಯನ್‌ಗೆ ಸೇರಿದ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಪ್ರದರ್ಶನವನ್ನೇ ಹಿಂತೆಗೆದುಕೊಂಡರು. ಇದು ಸಣ್ಣ ಪೆಟ್ಟಲ್ಲ. ಸಣ್ಣ ಸಂಸ್ಥೆಗಳಲ್ಲಿ ಕೆಲಸ ಕಳೆದುಕೊಂಡವರ ಪಾಲಿಗಂತೂ ಅಲ್ಲ. ಆದರೆ ಮೇಲೆ ಹೇಳಿದ್ದೆಲ್ಲ ಅನುದಾನದ ಆಸೆಯಿಂದ ಹುಟ್ಟಿದ್ದಲ್ಲ. ಅನುದಾನ ನಂಬಿ ಕಸೂತಿ ಬರೆದಿದ್ದರೆ ಈಗ ಬಿಡಬೇಕಾಗುತ್ತಿತ್ತು. ನೀವು ಹಾಗೆ ಬರೆದವರಲ್ಲ, ಬೇಸತ್ತು ಬರೆದವರು.

ಇನ್ನು ಆ ಕಸೂತಿ. ಅದು ನಿಮಗೆ ಸೇರಿದ್ದಲ್ಲ ಅನ್ನಿಸಿದ್ದಕ್ಕೆ ಕಾರಣ ನೀವು ಧಾರವಾಡದವರಲ್ಲ ಎಂಬುದಲ್ಲ. ಕಸೂತಿ ಎಂದರೆ ಎಳೆ ಎಣಿಸುವ ವಿದ್ಯೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಗಂಟು ಹಾಕುವಂತಿಲ್ಲ, ಗವಂತಿ ಹಾಕಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ. ನೀವು ತೆಗೆದುಕೊಂಡದ್ದು ಗೋಪುರದ ಆಕಾರ ಮಾತ್ರ. ಎಣಿಕೆ ಅಲ್ಲಿಯೇ ಉಳಿಯಿತು. ಅಮೆರಿಕದ ಕೋಣೆಯಲ್ಲಿ ಅದನ್ನು ಯಾರೂ ಗುರುತಿಸಲಿಲ್ಲ, ನೀವು ಗುರುತಿಸಿದಿರಿ.

ಬೇರೆ ದಾರಿ ಹಿಡಿದವರಿದ್ದಾರೆ. ಲಾಹೋರಿನಲ್ಲಿ ಹುಟ್ಟಿದ ಶಾಜಿಯಾ ಸಿಕಂದರ್ ಅಮೆರಿಕಕ್ಕೆ ಬರುವ ಮೊದಲೇ ಅಲ್ಲಿನ ಕಲಾಶಾಲೆಯಲ್ಲಿ ಮಿನಿಯೇಚರ್ ಎಂಬ ಹಳೆಯ ಸಂಪ್ರದಾಯದ ಕಿರುಚಿತ್ರ ಕಲೆಯನ್ನು ವರ್ಷಗಟ್ಟಲೆ ಕೂತು ಕಲಿತರು, ಅದೂ ಜೊತೆಯವರು ಅದನ್ನು ಪ್ರವಾಸಿಗರಿಗೆ ಮಾರುವ ಸರಕು ಎಂದುಕೊಂಡಿದ್ದ ಕಾಲದಲ್ಲಿ. ಆ ಶಿಸ್ತು ಕೈಗೆ ಬಂದದ್ದರಿಂದಲೇ ಅದನ್ನು ಮುರಿಯುವ ಧೈರ್ಯವೂ ಬಂತು. ಬ್ರೂಕ್ಲಿನ್‌ನಲ್ಲಿ ಹುಟ್ಟಿ ಬೆಳೆದ ಚಿತ್ರಾ ಗಣೇಶ್ 2002ರಲ್ಲಿ ಅಮರ ಚಿತ್ರ ಕಥೆಯ ಪುಟಗಳನ್ನೇ ತೆಗೆದುಕೊಂಡು ‘ಟೇಲ್ಸ್ ಆಫ್ ಅಮ್ನೀಸಿಯಾ’ ಮಾಡಿದರು. ನಮ್ಮ ಕಾರ್ಕಳದ ಅನಂತ ಪೈ ಕಟ್ಟಿದ ಆ ಚಿತ್ರಕಥೆಗಳು ಕಡಲು ದಾಟಿದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಪುರಾಣ ಕಲಿಸಿದವು. ಆ ಕಥೆಗಳ ವಿಧೇಯ ಹೆಣ್ಣುಗಳ ಬಾಯಿಗೆ ಚಿತ್ರಾ ಬೇರೆಯೇ ಮಾತು ಹಾಕಿದರು. ಅವರು ದೇವಸ್ಥಾನದ ಶಿಲ್ಪಕ್ಕೆ ಹೋಗಲಿಲ್ಲ, ಬಾಲ್ಯದಲ್ಲಿ ಕೈಗೆ ಸಿಕ್ಕ ಪುಸ್ತಕಕ್ಕೆ ಹೋದರು ಎಂಬುದನ್ನು ಗಮನಿಸಿ. ಬೆಂಗಳೂರಿನಲ್ಲಿ ಬೆಳೆದ ಅನು ಪಾಲಕುನ್ನತ್ತು ಮ್ಯಾಥ್ಯೂ ಅವರದು ಇನ್ನೊಂದು ರೀತಿ. ಅಮೆರಿಕದಲ್ಲಿ ‘ಇಂಡಿಯನ್’ ಎಂದಾಗಲೆಲ್ಲ ಯಾವ ಇಂಡಿಯನ್ ಎಂದು ವಿವರಿಸಬೇಕಾಗಿ ಬಂದದ್ದನ್ನೇ ಅವರು ವಸ್ತು ಮಾಡಿಕೊಂಡರು. ಹತ್ತೊಂಬತ್ತನೇ ಶತಮಾನದಲ್ಲಿ, ಇಪ್ಪತ್ತನೆಯದರ ಆದಿಯಲ್ಲಿ ಬಿಳಿಯ ಫೋಟೊಗ್ರಾಫರ್‌ಗಳು ತೆಗೆದ, ‘ಇಂಡಿಯನ್’ ಎಂದೇ ಕರೆಸಿಕೊಂಡ ಅಮೆರಿಕದ ಮೂಲನಿವಾಸಿಗಳ ಭಾವಚಿತ್ರಗಳ ಪಕ್ಕದಲ್ಲಿ ಅದೇ ಭಂಗಿಯಲ್ಲಿ ತಮ್ಮ ಚಿತ್ರ ಇಟ್ಟರು. ಪಕ್ಕಪಕ್ಕದಲ್ಲಿ ನೋಡಿದಾಗ ಕಾಣುವುದು ಕ್ಯಾಮೆರಾ ಹಿಡಿದವನ ಕಣ್ಣು.

ಲಂಬಾಣಿ ಕನ್ನಡಿ ಕೆಲಸದ ಸಲಹೆಗೆ ನನ್ನ ಉತ್ತರ ನೇರವಾದದ್ದು: ಬೇಡ. ಆ ಅಧ್ಯಾಪಕರ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಅವರ ಕಣ್ಣಿಗೆ ನೀವೂ ಸಂಡೂರಿನ ಲಂಬಾಣಿ ಹೆಂಗಸೂ ಇಬ್ಬರೂ ‘ಇಂಡಿಯನ್’. ನಿಮಗೆ ಹಾಗಲ್ಲ. ನಮ್ಮ ಜಾತಿ, ಊರು, ಅಲೆಮಾರಿತನ, ಭೂಮಿ ಇದ್ದವರು ಇಲ್ಲದವರು ಎಂಬ ವ್ಯತ್ಯಾಸವೆಲ್ಲ ವಿಮಾನ ಹತ್ತಿದ ಕೂಡಲೆ ಕರಗಿಹೋದ ಹಾಗೆ ಕಾಣುತ್ತದೆ, ಮತ್ತು ಅದರಿಂದ ಲಾಭವಾಗುವುದು ಹೆಚ್ಚಾಗಿ ನಮ್ಮಂಥವರಿಗೆ. ಅಮೆರಿಕದಲ್ಲಿ ಮೂಲನಿವಾಸಿಗಳು ಇದಕ್ಕಾಗಿ ಕಾನೂನನ್ನೇ ಪಡೆದುಕೊಂಡಿದ್ದಾರೆ. ಮೂಲನಿವಾಸಿಗಳು ಮಾಡಿದ್ದಲ್ಲದ ಕಲಾವಸ್ತುವನ್ನು ಅವರದೆಂದು ಮಾರುವುದು 1990ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮದು ಆ ಕಾಯ್ದೆಗೆ ಸಿಗುವ ಸಂಗತಿಯಲ್ಲ, ಆದರೆ ಅದರ ಹಿಂದಿನ ನ್ಯಾಯ ಒಂದೇ. ಒಳ್ಳೆಯ ಉದ್ದೇಶ ಇದ್ದರೆ ಸಾಕು ಎನ್ನುವವರಿಗೆ ನಾನು ಮಿನಿಯಾಪೊಲಿಸ್‌ನ ಘಟನೆ ಹೇಳುತ್ತೇನೆ. ಸ್ಯಾಮ್ ಡುರಾಂಟ್ ಎಂಬ ಬಿಳಿಯ ಕಲಾವಿದ ಮರಣದಂಡನೆಯನ್ನು ವಿರೋಧಿಸಿ, ಇತಿಹಾಸದ ಗಲ್ಲುಗಂಬಗಳನ್ನು ಜೋಡಿಸಿ ‘ಸ್ಕ್ಯಾಫೋಲ್ಡ್’ ಎಂಬ ರಚನೆ ಮಾಡಿದ್ದರು. 1862ರಲ್ಲಿ ಅದೇ ಮಿನಿಸೋಟಾ ರಾಜ್ಯದಲ್ಲಿ 38 ಡಕೋಟಾ ಮೂಲನಿವಾಸಿ ಗಂಡಸರನ್ನು ಒಟ್ಟಿಗೆ ನೇಣುಹಾಕಿದ ಗಲ್ಲುಗಂಬದ ಮಾದರಿಯೂ ಅದರಲ್ಲಿತ್ತು. 2017ರಲ್ಲಿ ವಾಕರ್ ಆರ್ಟ್ ಸೆಂಟರಿನ ಉದ್ಯಾನದಲ್ಲಿ ಅದು ಎದ್ದಾಗ ಡಕೋಟಾ ಜನ ಬೇಲಿಯ ಬಳಿ ಬಂದು ನಿಂತರು. ಅವರನ್ನು ಮೊದಲು ಯಾರೂ ಕೇಳಿರಲಿಲ್ಲ. ಡುರಾಂಟ್ ಹಿರಿಯರ ಜೊತೆ ಕೂತು ಮಾತಾಡಿ, ಕೃತಿಯ ಹಕ್ಕನ್ನೇ ಡಕೋಟಾ ಜನರಿಗೆ ಬಿಟ್ಟುಕೊಟ್ಟರು. ಅದನ್ನು ಬಿಚ್ಚಿ ತೆಗೆದರು. ಮುಂದೆ ಎಂದಾದರೂ ನೀವು ಲಂಬಾಣಿ ಹೆಂಗಸರ ಜೊತೆ ತಿಂಗಳುಗಟ್ಟಲೆ ಕೂತು, ಅವರ ಹೆಸರಿಟ್ಟು, ಕೂಲಿ ಮತ್ತು ಪಾಲು ಕೊಟ್ಟು ಕೆಲಸ ಮಾಡುವುದಾದರೆ ಅದು ಬೇರೆ ಮಾತು. ಏಪ್ರಿಲ್ಲಿಗೆ ಆಗುವಂಥದ್ದಲ್ಲ.

ಹಾಗಾದರೆ ಗುರುತು ಯಾವುದೂ ಬೇಡ, ಬರೀ ಬಣ್ಣ ಎಂದು ನಿಲ್ಲಬಹುದೆ? ನಿಲ್ಲಬಹುದು. ಕಪ್ಪು ಕಲಾವಿದೆ ಆಲ್ಮಾ ಥಾಮಸ್ ನಿಂತರು. ವಾಷಿಂಗ್ಟನ್ನಿನ ಶಾಲೆಯಲ್ಲಿ ಮೂರೂವರೆ ದಶಕ ಮಕ್ಕಳಿಗೆ ಚಿತ್ರಕಲೆ ಕಲಿಸಿ, ನಿವೃತ್ತಿಯಾದ ಮೇಲೆ ಹೂವಿನ ಪಾತಿ, ಚಂದ್ರಯಾನ, ಎಲೆಗಳ ನಡುವಿನ ಬೆಳಕು ಎಂದು ಸಣ್ಣ ಸಣ್ಣ ಬಣ್ಣದ ತುಂಡುಗಳಲ್ಲಿ ಬರೆದರು. ಕಪ್ಪು ಜನರ ಹಕ್ಕಿನ ಹೋರಾಟದ ಕಾಲದಲ್ಲಿ ಇದೇನು ಹೂವು ಎಂಬ ಪ್ರಶ್ನೆ ಅವರಿಗೂ ಎದುರಾಗಿತ್ತು. 1972ರಲ್ಲಿ, 80ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಿದ ಮೊದಲ ಕಪ್ಪು ಮಹಿಳೆಯಾದರು. ಆ ‘ಮೊದಲ ಕಪ್ಪು ಮಹಿಳೆ’ ಎಂಬ ಮಾತು ನೋಡಿ. ತಾವಾಗಿ ಬರೆಯದ ಗುರುತನ್ನೂ ಜನ ಅವರ ಮೇಲೆ ಬರೆದರು. ಈ ದಾರಿಯ ಅಪಾಯ ಅದು: ಎಲ್ಲ ಬಿಟ್ಟರೂ ನಿಮ್ಮ ಹೆಸರು ಫಲಕದ ಮೇಲಿರುತ್ತದೆ, ಬೂದು ಬಣ್ಣದಲ್ಲೂ ಯಾರಾದರೂ ವಿಭೂತಿ ಕಾಣುತ್ತಾರೆ. ಅದನ್ನು ತಡೆಯಲು ನಿಮ್ಮಿಂದ ಆಗದು, ತಿದ್ದುತ್ತ ಕೂರುವುದರಲ್ಲೇ ಆಯುಷ್ಯ ಕಳೆಯಬೇಡಿ.

ಹೊಟ್ಟೆಪಾಡಿನ ಮಾತೂ ಆಡಬೇಕು, ಬೋಧಕರು ಇದನ್ನು ಹೇಳುವುದಿಲ್ಲ. ಚಿತ್ರಕಲೆಯ ಎಂಎಫ್‌ಎ ಮುಗಿಸಿದವರಿಗೆ ಒಪಿಟಿ, ಅಂದರೆ ಓದು ಮುಗಿಸಿದ ಮೇಲೆ ಅಲ್ಲಿ ಕೆಲಸ ಮಾಡುವ ಅನುಮತಿ, ಸಿಗುವುದು 12 ತಿಂಗಳು; ವಿಜ್ಞಾನ, ತಂತ್ರಜ್ಞಾನದವರ ಹಾಗೆ ವಿಸ್ತರಣೆಯಿಲ್ಲ. ಆಮೇಲೂ ಉಳಿಯಬೇಕೆಂದರೆ ಅನೇಕರು ನೋಡುವುದು ಅಸಾಧಾರಣ ಪ್ರತಿಭೆಯವರಿಗೆ ಕೊಡುವ ಓ-1 ವೀಸಾ. ಅದಕ್ಕೆ ಪ್ರದರ್ಶನ, ವಿಮರ್ಶೆ, ಪ್ರಶಸ್ತಿಗಳ ದಾಖಲೆ ಬೇಕು. ಹೊಸಬರಿಗೆ ಬೇಗ ಬಾಗಿಲು ತೆರೆಯುವುದು ‘ದಕ್ಷಿಣ ಏಷ್ಯಾದ ಕಲಾವಿದೆಯರು’ ಎಂಬಂಥ ಗುಂಪು ಪ್ರದರ್ಶನಗಳು. ಹೋಗಿ, ತಪ್ಪಿಲ್ಲ. ನಿಮ್ಮ ಬೂದು ಚಿತ್ರವನ್ನೇ ತೆಗೆದುಕೊಂಡು ಹೋಗಿ. ಆ ಪ್ರದರ್ಶನಕ್ಕೆಂದು ಬೇರೆ ಚಿತ್ರ ಮಾಡಿದರೆ ಮುಂದಿನ ಆಹ್ವಾನ ಬರುವುದೂ ಆ ಬೇರೆ ಚಿತ್ರಕ್ಕೇ. ಹಾಗೆ ಹತ್ತು ವರ್ಷ ಸಿಕ್ಕಿಬಿದ್ದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬಳು ಈಗ ಚಿತ್ರ ಬರೆಯುವುದನ್ನೇ ಬಿಟ್ಟಿದ್ದಾಳೆ.

ಮಂಡಕ್ಕಿ ಭಟ್ಟಿಯನ್ನು ನೀವು ‘ಏನೋ’ ಎಂದು ತೇಲಿಸಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಆ ಮಸಿ ಗೋಡೆಯ ಮೇಲೆ ಹೇಗೆ ಕೂರುತ್ತಿತ್ತು? ಮೇಲಿನಿಂದ ಇಳಿಯುತ್ತಿತ್ತೋ, ಮೂಲೆಯಿಂದ ಹಬ್ಬುತ್ತಿತ್ತೋ? ಮಳೆಗಾಲದಲ್ಲಿ ಬಣ್ಣ ಬದಲಾಗುತ್ತಿತ್ತೆ? ಬೆಳಿಗ್ಗೆ ಒಗೆದು ಹಾಕಿದ ಬಟ್ಟೆ ಸಂಜೆ ಹೊತ್ತಿಗೆ ಹೇಗಿರುತ್ತಿತ್ತು? ಅಲ್ಲಿ ಕೆಲಸ ಮಾಡುತ್ತಿದ್ದವರು ಯಾರು, ನಿಮ್ಮ ಮನೆಯವರೋ ಅಕ್ಕಪಕ್ಕದವರೋ? ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ, ಕನ್ನಡದಲ್ಲೇ, ಯಾರಿಗೂ ತೋರಿಸಲಿಕ್ಕಲ್ಲ. ಗುಜರಾತಿನಲ್ಲಿ ಹುಟ್ಟಿ 1960ರ ದಶಕದಿಂದ ಅಮೆರಿಕದಲ್ಲಿ ಕೆಲಸ ಮಾಡಿದ ನಟ್ವರ್ ಭಾವ್‌ಸಾರ್ ಒಣ ಬಣ್ಣದ ಪುಡಿಯನ್ನು ಜರಡಿ ಹಿಡಿದು ಕ್ಯಾನ್ವಾಸಿನ ಮೇಲೆ ಪದರಪದರವಾಗಿ ಉದುರಿಸುತ್ತಾರೆ. ರಂಗೋಲಿಯ ಚಿತ್ರ ಅಲ್ಲಿಲ್ಲ, ರಂಗೋಲಿ ಹಾಕುವ ಕೈ ಇದೆ. ನಿಮ್ಮ ಪದರಗಳು ಮಸಿ ಕೂರುವ ಹಾಗೆ ಕೂರುತ್ತಿವೆಯೇ, ಇಲ್ಲವೇ ಬಣ್ಣ ಬಳಿದ ಹಾಗಿವೆಯೇ ಎಂದು ನೋಡಿ. ನಾನು ಮೇಲೆ ‘ತೀರ್ಮಾನಿಸದ ಏನೋ’ ಎಂದದ್ದು ಇದಿರಬಹುದು.

ಇದನ್ನು ಓದಿ ಊರಿನ ಭಟ್ಟಿಯಿಂದ ಹೊಟ್ಟಿನ ಬೂದಿ ತರಿಸಿ ಬಣ್ಣಕ್ಕೆ ಬೆರೆಸುವ ಆಸೆ ಹುಟ್ಟೀತು. ತಡೆಯಿರಿ. ಮೊದಲನೆಯದಾಗಿ, ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎರಡನೆಯದಾಗಿ, ‘ದಾವಣಗೆರೆಯ ಬೂದಿ’ ಎಂದು ಫಲಕದ ಮೇಲೆ ಬರೆದ ಕ್ಷಣ ಅದು ಇನ್ನೊಂದು ಕಿರೀಟವಾಗುತ್ತದೆ. ಜನ ಫಲಕ ಓದಿ ತಲೆಯಾಡಿಸಿ ಮುಂದೆ ಹೋಗುತ್ತಾರೆ, ಚಿತ್ರ ನೋಡುವುದಿಲ್ಲ. ಭಟ್ಟಿಯ ಬಗ್ಗೆ ಥೀಸಿಸ್ ಬರಹದಲ್ಲಿ ಒಂದು ಪುಟ ಬರೆಯಿರಿ, ಅಲ್ಲಿ ಅದಕ್ಕೆ ಜಾಗವಿದೆ. ಗೋಡೆಯ ಫಲಕದಲ್ಲಿ ಹೆಸರು, ವರ್ಷ, ಮಾಧ್ಯಮ, ಅಳತೆ ಸಾಕು. ಸಮಿತಿಯವರು ಇನ್ನೂ ಬೇಕೆಂದು ಒತ್ತಾಯಿಸಿದರೆ ಮೂರು ಸಾಲು ಮೀರಬೇಡಿ.

ಕಸೂತಿ ಹಾಕಿದ ಚಿತ್ರವನ್ನು ಹರಿಯಬೇಡಿ, ಪ್ರದರ್ಶನದಲ್ಲಿ ತೂಗುಹಾಕಲೂ ಬೇಡಿ. ಸ್ಟುಡಿಯೊದಲ್ಲಿ ಗೋಡೆಗೆ ಮುಖಮಾಡಿ ಇಡಿ. ಜನವರಿಯೊಳಗೆ ಎರಡು ದೊಡ್ಡ ಬೂದು ಚಿತ್ರ ಹೊಸದಾಗಿ ಶುರುಮಾಡಿ. ಗೆಳತಿ ಸ್ಟುಡಿಯೊಗೆ ಬಂದ ದಿನ ಅವಳಿಗೆ ಆ ತಿರುಗಿಸಿಟ್ಟ ಚಿತ್ರವನ್ನೂ ತೋರಿಸಿ, ಅವಳ ಕೆಲಸ ನೋಡಲು ನೀವೂ ಹೋಗಿ.